ಫಂಕ್ಷನ್ ಏನನ್ನು ಕೊಡುತ್ತದೆಂದು ತಿಳಿಯುವುದು ಹೇಗೆ? ಪಿಎಚ್‌ಪಿ ಬಳಸುವವರ ಅನುಭವಗಳು

ಬಿಸಿಎ ವಿದ್ಯಾರ್ಥಿನಿ, ಮಂಡ್ಯ: ವಿಳಾಸಗಳಲ್ಲಿ ‘ಮೈಸೂರು’ ಹುಡುಕುವ ಪುಟವೊಂದನ್ನು ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯಲ್ಲಿ ಬರೆದಿದ್ದೇನೆ. ‘ಕುವೆಂಪುನಗರ, ಮೈಸೂರು’ ಸಿಗುತ್ತದೆ. ‘ಮೈಸೂರು, ಕುವೆಂಪುನಗರ’ ಎಂದಿದ್ದರೆ ಮಾತ್ರ ಇಲ್ಲ ಎನ್ನುತ್ತದೆ. ಪದ ಎಲ್ಲಿದೆ ಎಂದು ಹುಡುಕಲು ಬಳಸಿದ್ದು ಸ್ಟ್ರ್‌ಪೋಸ್ ಎಂಬ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕು); ಅದು ನಿಜಕ್ಕೂ ಏನನ್ನು ಹಿಂದಿರುಗಿಸುತ್ತದೆ? ಬಲ್ಲವರು ತಿಳಿಸಿ.

ಸರಸ್ವತಿಪುರಂ, ಮೈಸೂರು: ಪದ ಸಿಕ್ಕಿದೆ, ಅದೂ ಮೊಟ್ಟಮೊದಲ ಜಾಗದಲ್ಲೇ. ಸ್ಟ್ರ್‌ಪೋಸ್ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದರಿಂದ ಅದು ಕೊಟ್ಟ ಉತ್ತರ 0. ಸಿಗದಿದ್ದರೆ ಕೊಡುವುದು ಫಾಲ್ಸ್, ಅಂದರೆ ‘ಇಲ್ಲ’. ಷರತ್ತು ನೋಡುವ ಇಫ್‌ಗೆ ಇವೆರಡೂ ಒಂದೇ. ಹಾಗಾಗಿ ಬಗೆಯನ್ನೂ ನೋಡುವ ‘!== ಫಾಲ್ಸ್’ ಎಂದು ಹೋಲಿಸಿ; ಒಂದೇ ಸಮಚಿಹ್ನೆಯ ‘!=’ ಸಾಲದು. ಇದೆಯೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ, 2020ರಲ್ಲಿ ಬಂದ ಪಿಎಚ್‌ಪಿ 8ರಿಂದ ಸ್ಟ್ರ್ ಕಂಟೇನ್ಸ್ ಇದೆ. ಅದು ಟ್ರೂ ಇಲ್ಲವೇ ಫಾಲ್ಸ್ ಬಿಟ್ಟು ಬೇರೇನನ್ನೂ ಕೊಡುವುದಿಲ್ಲ.

ದಯವಿಟ್ಟು ಉತ್ತರವನ್ನು, ಪರದೆಗೆ ಮುದ್ರಿಸುವ ಎಕೋ ಹಾಕಿ ಪರೀಕ್ಷಿಸಬೇಡಿ. ಫಾಲ್ಸ್ ಬಂದರೂ ನಲ್ (ಯಾವ ಮೌಲ್ಯವೂ ಇಲ್ಲ) ಬಂದರೂ ಎಕೋ ಏನನ್ನೂ ಮುದ್ರಿಸುವುದಿಲ್ಲ. ವಾರ್ ಡಂಪ್ ಹಾಕಿದರೆ ಮೌಲ್ಯದ ಜೊತೆಗೆ ಅದು ಯಾವ ಬಗೆಯದು ಎಂಬುದೂ ಕಾಣುತ್ತದೆ.

ಕನ್ನಡ ಪಠ್ಯವಾದ್ದರಿಂದ ಇನ್ನೊಂದು ಮಾತು. ‘ಮೈಸೂರು ಮಂಡ್ಯ’ ಎಂಬಲ್ಲಿ ‘ಮಂಡ್ಯ’ ಎಲ್ಲಿದೆ ಎಂದು ಕೇಳಿ ನೋಡಿ. ಸ್ಟ್ರ್‌ಪೋಸ್ 19 ಎನ್ನುತ್ತದೆ, ಎಂಬಿ ಸ್ಟ್ರ್‌ಪೋಸ್ 7 ಎನ್ನುತ್ತದೆ. ಎರಡೂ ಸರಿ! ಮೊದಲನೆಯದು ಎಣಿಸುವುದು ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಎರಡನೆಯದು ಸಂಕೇತಗಳನ್ನೇ ಎಣಿಸುತ್ತದೆ, ಕೊಂಬನ್ನೂ ಬಿಡಿಯಾಗಿ ಲೆಕ್ಕಕ್ಕೆ ಹಿಡಿದು. ಸಂಖ್ಯೆ ಬಂತೆಂದರೆ ಸಾಲದು, ಅದು ಯಾವುದರ ಎಣಿಕೆ ಎಂದೂ ತಿಳಿದಿರಬೇಕು.

ಉಪನ್ಯಾಸಕಿ, ಮಂಡ್ಯ: ನನ್ನ ತರಗತಿಯಲ್ಲಿ ಹೆಚ್ಚು ಗೊಂದಲವಾಗುವುದು ಎಕೋ ಮತ್ತು ಉತ್ತರವನ್ನು ಹಿಂದಿರುಗಿಸುವ ರಿಟರ್ನ್ ನಡುವೆ. 10 ಕೆಜಿ ಬೆಲ್ಲ, ಕೆಜಿಗೆ 50 ರೂಪಾಯಿ. ಮೊತ್ತ ಲೆಕ್ಕ ಹಾಕುವ ಫಂಕ್ಷನ್ ಬರೆದು, ಒಳಗೆ ರಿಟರ್ನ್ ಬದಲು ಎಕೋ ಹಾಕಿರುತ್ತಾರೆ. ಹೊರಗೆ ‘ಎಕೋ ಮೊತ್ತ(10, 50) + 40’ ಎಂದು ಸಾಗಣೆ ಖರ್ಚು ಸೇರಿಸಿದರೆ ಪರದೆಯ ಮೇಲೆ 50040! 540 ಬರಬೇಕಿತ್ತು. ಒಳಗಿನ ಎಕೋ 500 ಎಂದು ಮುದ್ರಿಸಿತು. ರಿಟರ್ನ್ ಇಲ್ಲದ್ದರಿಂದ ಕೈಗೆ ಬಂದದ್ದು ನಲ್. ಅದಕ್ಕೆ 40 ಕೂಡಿಸಿದರೆ 40, ಅದು ಪಕ್ಕದಲ್ಲೇ ಅಂಟಿಕೊಂಡಿತು. ಇದನ್ನೊಮ್ಮೆ ನೀವೇ ಬರೆದು ಓಡಿಸಿ, ತಂಗಿ.

ಕುವೆಂಪುನಗರ, ಮೈಸೂರು: ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಬಗ್ಗೆಯೂ ಎಚ್ಚರವಿರಲಿ. ‘$ಊರುಗಳು = ಸಾರ್ಟ್($ಊರುಗಳು)’ ಎಂದು ಬರೆದರೆ ಪಟ್ಟಿಯೇ ಹೋಗಿ ಟ್ರೂ ಉಳಿಯುತ್ತದೆ. ಸಾರ್ಟ್ ಇದ್ದ ಪಟ್ಟಿಯನ್ನೇ ಜೋಡಿಸುತ್ತದೆ, ಹೊಸದನ್ನು ಕೊಡುವುದಿಲ್ಲ. ಪಠ್ಯದಲ್ಲಿ ಪದ ಬದಲಿಸುವ ಸ್ಟ್ರ್ ರಿಪ್ಲೇಸ್ ಇದಕ್ಕೆ ತದ್ವಿರುದ್ಧ: ಮೂಲವನ್ನು ಮುಟ್ಟದೆ ಹೊಸ ಪಠ್ಯ ಕೊಡುತ್ತದೆ, ಹಿಡಿದಿಟ್ಟುಕೊಳ್ಳದಿದ್ದರೆ ಅದು ವ್ಯರ್ಥ. ಅಧಿಕೃತ ಕೈಪಿಡಿಯಲ್ಲಿ ಫಂಕ್ಷನ್ ಹೆಸರಿನ ಸಾಲಿನ ಕೊನೆಗೆ, ಕೋಲನ್ ಆದ ಮೇಲೆ ಇರುವುದನ್ನು ಮೊದಲು ಓದಿ. ಸ್ಟ್ರ್‌ಪೋಸ್‌ಗೆ ಅಲ್ಲಿ ‘ಇಂಟ್|ಫಾಲ್ಸ್’, ಅಂದರೆ ಪೂರ್ಣಾಂಕ ಇಲ್ಲವೇ ಫಾಲ್ಸ್, ಎಂದೇ ಬರೆದಿದೆ.