'ಅರ್ಥಿಂಗ್': ಕಾಪಾಡುವುದಕ್ಕೂ ಹೊಡೆಯುವುದಕ್ಕೂ ಒಂದೇ ಪದವೇ?

ಬಳಗದ ಎಲ್ಲರಿಗೂ ನಮಸ್ಕಾರ.

ರಾಯಚೂರು ಕಡೆಯ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಹಂಚಲು ಒಂದು ಕರಪತ್ರ ತಯಾರಾಗುತ್ತಿದೆ. ಕರೆಂಟಿನ ವಿಷಯದಲ್ಲಿ ರೈತರು, ಮನೆಯವರು, ಲೈನ್‌ಮನ್‌ಗಳು ಏನೇನು ನೋಡಿಕೊಳ್ಳಬೇಕು ಅನ್ನೋದು ಅದರಲ್ಲಿದೆ. ಕನ್ನಡ ತಿದ್ದಿಕೊಡಿ ಅಂತ ನನ್ನ ಕೈಗೆ ಬಂದಿದೆ. ಒಂದು ಪದ ಮಾತ್ರ ಮುಂದೆ ಹೋಗಲು ಬಿಡುತ್ತಿಲ್ಲ. ಅದು 'ಅರ್ಥಿಂಗ್'.

ಮೇಲಿನ ಒಂದು ಸಾಲು ಹೀಗಿದೆ: 'ಪಂಪ್‌ಸೆಟ್ಟಿಗೆ ಸರಿಯಾದ ಅರ್ಥಿಂಗ್ ಇರಲಿ.' ಸ್ವಲ್ಪ ಕೆಳಗೆ ಇನ್ನೊಂದು ಸಾಲು: 'ಕಂಬದಲ್ಲಿ ಅರ್ಥಿಂಗ್ ಇದ್ದರೆ ಮುಟ್ಟಬೇಡಿ.' ಮೊದಲನೆಯದು ಇರಲೇಬೇಕಾದದ್ದು. ಎರಡನೆಯದು ಇರಲೇಬಾರದ್ದು. ಬರೆದವರಿಗೆ ಎರಡೂ ತಿಳಿದಿದೆ. ಓದುವ ರೈತ ಏನಂದುಕೊಳ್ಳಬೇಕು?

ಮೊದಲನೆಯ ಅರ್ಥಿಂಗ್ ಎಲ್ಲರಿಗೂ ಗೊತ್ತಿರುವುದೇ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದವಾಗಿ, ದಪ್ಪವಾಗಿ ಇರುವ ಪಿನ್ನು, ಅದಕ್ಕೆ ಸೇರುವ ಹಸಿರು ವೈರು, ಹೊರಗೆ ಇದ್ದಿಲು ಉಪ್ಪು ತುಂಬಿದ ಗುಂಡಿ. ಮೋಟಾರಿನ ಒಳಗೆ ವೈರು ಸುಟ್ಟು ಮೈಗೆ ತಾಗಿದರೆ ಕರೆಂಟು ಆ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ, ಫ್ಯೂಸ್ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಈ ದಾರಿಯೇ ಕೆಡುತ್ತದೆ. ಫ್ಯೂಸ್ ಹೋಗುವಷ್ಟು ಕರೆಂಟು ಹರಿಯುವುದಿಲ್ಲ, ಮೋಟಾರಿನ ಮೈಯಲ್ಲೇ ನಿಂತಿರುತ್ತದೆ. ಗುಂಡಿಗೆ ನೀರು ಹಾಕಿ ಅನ್ನುವುದು ಅದಕ್ಕೇ.

ಇನ್ನು ಎರಡನೆಯದು. ಕಂಬಕ್ಕೆ ಕರೆಂಟು ತಾಗದಂತೆ ತಂತಿಯನ್ನು ಹಿಡಿದಿರುವ ಪಿಂಗಾಣಿ ಇನ್ಸುಲೇಟರ್ ಒಡೆದಿದೆ, ಅಥವಾ ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿದ ಸ್ಟೇ ವೈರಿಗೆ ತಂತಿ ತಾಗಿದೆ. ಮಳೆ ಬಂದು ಕಂಬ ನೆಂದಿದೆ. ಆಗ ಊರಿನವರು ಅನ್ನುವುದು 'ಕಂಬ ಅರ್ಥ್ ಹೊಡ್ಯಾಕತ್ತದ' ಅಂತ. 'ಕಂಬದಲ್ಲಿ ಅರ್ಥಿಂಗ್ ಆಗಿ ಎತ್ತು ಸಾವು' ಅನ್ನುವಂಥ ಸುದ್ದಿಯನ್ನು ನೀವೂ ಓದಿರುತ್ತೀರಿ. ದನಗಳೇ ಜಾಸ್ತಿ ಸಾಯುವುದಕ್ಕೆ ಕಾರಣವಿದೆ. ಕರೆಂಟು ನೆಲಕ್ಕೆ ಇಳಿದ ಜಾಗದಿಂದ ದೂರ ಹೋದಂತೆ ನೆಲದ ವೋಲ್ಟೇಜ್ ಕಡಿಮೆಯಾಗುತ್ತಾ ಹೋಗುತ್ತದೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಆ ಎರಡು ಜಾಗದ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟು ಅದರ ಮೈಯೊಳಗೇ ಹಾಯುತ್ತದೆ. ಮನುಷ್ಯರೂ ಅಲ್ಲಿ ದೊಡ್ಡ ಹೆಜ್ಜೆ ಹಾಕಬಾರದು. ಕಾಲು ಜೋಡಿಸಿಕೊಂಡು, ಪಾದ ಎತ್ತದೆ ಸರಿಯುತ್ತಾ ದೂರ ಹೋಗಬೇಕು.

ಲೈನ್‌ಮನ್‌ಗಳ ಮಾತನ್ನು ಗಮನಿಸಿದರೆ ಅವರಲ್ಲಿ ಈ ಗೊಂದಲ ಅಷ್ಟಿಲ್ಲ. ಅವರು ಹೆಸರುಪದದಲ್ಲಿ ವ್ಯತ್ಯಾಸ ಮಾಡುವುದಿಲ್ಲ, ಕ್ರಿಯಾಪದದಲ್ಲಿ ಮಾಡುತ್ತಾರೆ. 'ಅರ್ಥ್ ಹಾಕು', 'ಅರ್ಥ್ ಕೊಡು' ಅಂದರೆ ಯಾರೋ ಬೇಕೆಂದೇ ಮಾಡಿದ ಕೆಲಸ, ಕಾಪಾಡುವುದು. 'ಅರ್ಥ್ ಆಗು', 'ಅರ್ಥ್ ಹೊಡಿ' ಅಂದರೆ ತಾನಾಗಿ ಆದ ಕೇಡು. ಸಬ್‌ಸ್ಟೇಷನ್ನಿನಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಒಪ್ಪಿಗೆ) ತಗೊಂಡು, ಲೈನಿನಲ್ಲಿ ಕರೆಂಟ್ ಇಲ್ಲ ಅಂತ ನೋಡಿ, ಕೆಲಸದ ಜಾಗದ ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ 'ಹಾಕುತ್ತಾರೆ'. ಮೊದಲು ನೆಲದ ಕಡೆ ಬಿಗಿಯಬೇಕು, ಆಮೇಲೆ ತಂತಿಗೆ ಸಿಕ್ಕಿಸಬೇಕು. ಬಿಚ್ಚುವಾಗ ತಂತಿಯದು ಮೊದಲು. ಯಾರಾದರೂ ಮನೆಯಲ್ಲಿ ಜನರೇಟರ್ ಹಚ್ಚಿ ಹಿಂದಿನಿಂದ ಕರೆಂಟ್ ಬಂದರೂ ಕಂಬದ ಮೇಲಿರುವವನನ್ನು ಕಾಯುವುದು ಈ ರಾಡೇ.

ಇಷ್ಟು ಚೆನ್ನಾಗಿರುವ ವ್ಯತ್ಯಾಸ ಬರಹಕ್ಕೆ ಬಂದ ಕೂಡಲೇ ಅಳಿಸಿಹೋಗುತ್ತದೆ. 'ಲೈನ್ ಅರ್ಥಿಂಗ್ ಆಗಿರುತ್ತದೆ' ಅಂತ ಬರೆದರೆ ಯಾವುದು? ರಾಡ್ ಹಾಕಿದ್ದಾರೋ, ಲೈನೇ ಕೆಟ್ಟಿದೆಯೋ? ಫೋನಿನಲ್ಲಂತೂ ಇನ್ನೂ ಕಷ್ಟ. ಗಾಳಿ ಮಳೆಯ ಸದ್ದಿನ ನಡುವೆ 'ಅರ್ಥ್ ಆಯ್ತಾ?' ಅನ್ನುವುದಕ್ಕೂ 'ಅರ್ಥ ಆಯ್ತಾ?' ಅನ್ನುವುದಕ್ಕೂ ಕಿವಿಗೆ ಎಷ್ಟು ವ್ಯತ್ಯಾಸ? ಒಬ್ಬ ಹೇಳಿದ್ದು ತಿಳಿಯಿತು ಅಂತ 'ಆಯ್ತು' ಅಂದರೆ, ಇನ್ನೊಬ್ಬ ರಾಡ್ ಹಾಕಿದ್ದಾಯಿತು ಅಂತ ತಿಳಿದು ಕಂಬ ಹತ್ತಬಹುದು. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಇನ್ನೊಂದು ಅಪಾಯವೂ ಇದೆ. ತಂತಿ ಹರಿದು ನೆಲಕ್ಕೆ ಬಿದ್ದಾಗ, 'ಅರ್ಥ್ ಆಗಿರ್ತದ, ಕರೆಂಟ್ ಹೋಗಿರ್ತದ' ಅಂತ ನಂಬುವವರು ಇದ್ದಾರೆ. ಒಣ ನೆಲದ ಮೇಲೆ ಬಿದ್ದ 11 ಕೆವಿ (11 ಸಾವಿರ ವೋಲ್ಟ್) ತಂತಿಯಲ್ಲಿ, ಲೈನನ್ನು ತಾನಾಗಿ ಬಂದ್ ಮಾಡುವ ಬ್ರೇಕರ್ ಬೀಳುವಷ್ಟು ಕರೆಂಟು ಹರಿಯದೇ ಇರಬಹುದು. ತಂತಿ ಸುಮ್ನೆ ಬಿದ್ದಂತೆ ಕಾಣುತ್ತದೆ, ಅದರಲ್ಲಿ ಕರೆಂಟ್ ಇರುತ್ತದೆ. ಹತ್ತಿರ ಹೋಗದೆ, ಬೇರೆಯವರನ್ನೂ ಬಿಡದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಬೇಕು.

ಪಠ್ಯಪುಸ್ತಕದ 'ಭೂಸಂಪರ್ಕ' ಹಾಕೋಣವೇ ಅಂತ ಯೋಚಿಸಿದೆ. ಬಿದ್ದ ತಂತಿಗೂ ಭೂಮಿಯ ಸಂಪರ್ಕ ಆಗಿರುತ್ತದಲ್ವಾ? ಗೊಂದಲ ಹಾಗೇ ಉಳಿಯುತ್ತದೆ. ಕೇಡಿನ ಅರ್ಥಕ್ಕೆ 'ಸೋರಿಕೆ' ಪರವಾಗಿಲ್ಲ. ಆದರೆ ಸೋರುವುದು ಅಂದರೆ ನಲ್ಲಿಯ ಹನಿಯಂತೆ ಸಣ್ಣದು, ಆಮೇಲೆ ನೋಡಿಕೊಳ್ಳೋಣ ಅನ್ನಿಸಿಬಿಡುತ್ತದೆ. ಕರೆಂಟು ಸೋರಿದರೆ ತಾನಾಗಿ ಬಂದ್ ಮಾಡಲು ಮನೆಗೆ ಹಾಕುವ ಆರ್‌ಸಿಸಿಬಿ ಸ್ವಿಚ್ಚು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂತೆ ಇರುತ್ತದೆ. ಅಷ್ಟು ಸಣ್ಣದೂ ಜೀವಕ್ಕೆ ಅಪಾಯ. ಹೊಸ ಪದ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಓದಿದ ಕೂಡಲೇ ಕೈ ಹಿಂದೆ ಸರಿಯಬೇಕು, ನಿಘಂಟು ನೋಡುವ ಹೊತ್ತು ಅದಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 250 ವೋಲ್ಟ್ ಮೀರಿದ ಕಡೆ ತಲೆಬುರುಡೆಯ ಚಿತ್ರದ ಜೊತೆ ಜಿಲ್ಲೆಯ ಭಾಷೆಯಲ್ಲೂ ಅಪಾಯದ ಫಲಕ ಇರಬೇಕು ಅಂತ ಹೇಳಿವೆ. ಕನ್ನಡ ಇರಲೇಬೇಕು ಅಂದಮೇಲೆ ಅದು ತಿಳಿಯುವ ಕನ್ನಡವೂ ಆಗಿರಬೇಕು.

ಸದ್ಯಕ್ಕೆ ನಾನು ಹೀಗೆ ತಿದ್ದಿದ್ದೇನೆ: 'ಪಂಪ್‌ಸೆಟ್ಟಿಗೆ ಅರ್ಥಿಂಗ್ ಹಾಕಿಸಿ.' 'ಕಂಬಕ್ಕೆ ಕರೆಂಟ್ ಪಾಸ್ ಆಗುತ್ತಿರಬಹುದು, ಮುಟ್ಟಬೇಡಿ, ದನ ಕಟ್ಟಬೇಡಿ.' ಕೇಡಿನ ಕಡೆ 'ಅರ್ಥಿಂಗ್' ಪದವನ್ನೇ ತೆಗೆದುಬಿಟ್ಟೆ. ಲೈನ್‌ಮನ್‌ಗಳ ಪುಟದಲ್ಲಿ 'ರಾಡ್ ಹಾಕಿದ್ದೇನೆ' ಅಂತ ಪೂರ್ತಿ ಹೇಳಿ, ಬರೀ 'ಆಯ್ತು' ಬೇಡ ಅಂತ ಸೇರಿಸಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಕಂಬ ಶಾಕ್ ಹೊಡೆಯುವುದಕ್ಕೆ ನಿಮ್ಮ ಊರಲ್ಲಿ ಏನಂತಾರೆ? ಕೆಲವು ಕಡೆ 'ಗ್ರೌಂಡ್ ಆಗಿದೆ' ಅನ್ನುವುದನ್ನೂ ಕೇಳಿದ್ದೇನೆ. ಕೊಪ್ಪಳ, ಬಳ್ಳಾರಿ ಕಡೆಯವರು, ಅದರಲ್ಲೂ ಮನೆಯಲ್ಲಿ ಲೈನ್ ಕೆಲಸ ಮಾಡುವವರಿದ್ದರೆ, ಅವರನ್ನು ಕೇಳಿ ತಿಳಿಸಿ. ಬರೀ ಪದ ಬೇಡ, ಅವರು ಆಡುವ ಪೂರ್ತಿ ವಾಕ್ಯವನ್ನು ಊರಿನ ಹೆಸರಿನ ಜೊತೆ ಬರೆಯಿರಿ. ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಸಿಕ್ಕರೆ ಸೇರಿಸುತ್ತೇನೆ.