ಅಪ್‌ಡೇಟ್: 4294967297 ಅವಿಭಾಜ್ಯ ಅಲ್ಲ, ಅಪವರ್ತನ ಸಿಕ್ಕಿತು
4294967297, ಅಂದ್ರೆ 2ರ 32ನೇ ಘಾತಕ್ಕೆ 1 ಸೇರಿಸಿದ ಸಂಖ್ಯೆ, ಅವಿಭಾಜ್ಯವೇ ಎಂದು ಕೇಳಿದ್ದೆ. ಅಲ್ಲ. 641 × 6700417. ಈ ಎರಡೂ ಅವಿಭಾಜ್ಯಗಳೇ.

ಅಂಕಿಗಳನ್ನು ಕೂಡುವ ಸಲಹೆಯಿಂದ 3 ಭಾಗಿಸಲ್ಲ ಎಂದಷ್ಟೇ ತಿಳಿಯಿತು (ಮೊತ್ತ 59). 2ನ್ನು ಆಧಾರವಾಗಿಟ್ಟ, ಗಣಿತಜ್ಞ ಫರ್ಮಾ ಹೆಸರಿನ ಪರೀಕ್ಷೆ (n ಬೆಸ ಅವಿಭಾಜ್ಯವಾಗಿದ್ದರೆ 2ರ n−1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಬೇಕು) ಇಲ್ಲಿ ಕೆಲಸಕ್ಕೆ ಬರಲಿಲ್ಲ. ಈ ಸಂಖ್ಯೆ ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ! ಆಧಾರ 3 ಇಟ್ಟರೆ ಸಿಕ್ಕಿಬೀಳುತ್ತದೆ, ಆದರೆ ಅಪವರ್ತನ ಯಾವುದು ಅಂತ ಗೊತ್ತಾಗಲ್ಲ.

ಕೈಹಿಡಿದದ್ದು ಗಣಿತಜ್ಞ ಆಯ್ಲರ್ ದಾರಿ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ಅಂಥ ಅವಿಭಾಜ್ಯಗಳಾದ 193, 257, 449, 577 ನೋಡಿ, ಮುಂದಿನದೇ 641. ಕಾಗದ, ಪೆನ್ನು ಸಾಕು. ಆ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಫರ್ಮಾ ಇದನ್ನು ಅವಿಭಾಜ್ಯ ಎಂದೇ ನಂಬಿದ್ದರು, ಆಯ್ಲರ್ 1732ರಲ್ಲಿ ಒಡೆದು ತೋರಿಸಿದರು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು. ಇದು 65536² + 1² ಅನ್ನೋದು ನೋಡಿದ ಕೂಡಲೇ ಕಾಣುತ್ತೆ, ಅಲ್ವಾ? ಆದರೆ 62264² + 20449² ಕೂಡ ಇದೇ ಸಂಖ್ಯೆ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬೇರೆ ರೀತಿಯಲ್ಲಿ ಬರೆಯಲು ಆಗುವುದೇ ಇಲ್ಲ. ಭಾಗಾಕಾರವೇ ಇಲ್ಲದೆ ಇಷ್ಟರಿಂದಲೇ ಉತ್ತರ ಸಿಗುತ್ತದೆ.