ಸಹಾಯ ಬೇಕು: ಸವೆದು ಹೋದಂತೆ ಕಾಣುವ ದಪ್ಪ ಕನ್ನಡ ಅಕ್ಷರ

ಎಲ್ಲರಿಗೂ ನಮಸ್ಕಾರ. ನಮ್ಮೂರ ಕಬಡ್ಡಿ ತಂಡಕ್ಕೆ ಟೀ ಶರ್ಟ್ ಡಿಸೈನ್ ಮಾಡ್ತಾ ಇದ್ದೇನೆ. ಎದೆ ಮೇಲೆ ದೊಡ್ಡದಾಗಿ 'ಕಷ್ಟಕ್ಕೆ ಹೆದರಲ್ಲ' ಅಂತ ಬರಬೇಕು. ಹಳೇ ಗೋಡೆ ಬರಹದ ಥರ, ಅಲ್ಲಲ್ಲಿ ಬಣ್ಣ ಕಿತ್ತು ಹೋದ ಹಾಗೆ.

ಇಂಗ್ಲಿಷ್‌ನಲ್ಲಿ ಇಂಥ ಫಾಂಟ್ ರಾಶಿ ಸಿಗುತ್ತವೆ. ಕನ್ನಡದಲ್ಲಿ ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಹಾಗಾಗಿ 'ಬಾಲೂ ತಮ್ಮ' ಅನ್ನೋ ಕನ್ನಡ ಫಾಂಟ್ ತಗೊಂಡು, ಇಲಸ್ಟ್ರೇಟರ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಔಟ್‌ಲೈನ್ ಮಾಡಿ (ಅಕ್ಷರಗಳನ್ನು ಚಿತ್ರದ ಆಕಾರವಾಗಿ ಬದಲಾಯಿಸಿ), ಮೇಲೆ ಒರಟು ಟೆಕ್ಸ್ಚರನ್ನು (ಸವೆದ ಮೇಲ್ಮೈಯ ಚಿತ್ರ) ಮಾಸ್ಕ್ ಆಗಿ, ಅಂದ್ರೆ ಅಕ್ಷರದ ಭಾಗಗಳನ್ನು ಅಲ್ಲಲ್ಲಿ ಮರೆಮಾಡೋ ಹಾಗೆ ಹಾಕಿದೆ. ಆದರೆ ಆ ಫಾಂಟ್ ತುಂಬಾ ದುಂಡಗಿದೆ, ಕಬಡ್ಡಿಗಿಂತ ಮಕ್ಕಳ ಬಿಸ್ಕತ್ ಪ್ಯಾಕೆಟ್ಟಿಗೆ ಸರಿ ಅನ್ಸುತ್ತೆ! 'ಅನೇಕ್ ಕನ್ನಡ' ಅನ್ನೋ ಇನ್ನೊಂದು ಫಾಂಟ್‌ನ ಎಕ್ಸ್‌ಟ್ರಾ ಬೋಲ್ಡ್ (ತುಂಬಾ ದಪ್ಪ) ರೂಪ ಸ್ವಲ್ಪ ಗಟ್ಟಿಯಾಗಿ ಕಾಣುತ್ತೆ.

ನಿಜವಾದ ತಲೆನೋವು ಒತ್ತಕ್ಷರದ್ದು. 'ಷ'ದ ಹೊಟ್ಟೆಯೊಳಗಿನ ಗೆರೆ ಅಳಿಸಿದರೆ ಅದು 'ಪ' ಆಗುತ್ತೆ. ಕೆಳಗಿನ 'ಟ' ಒತ್ತು ಮೊದಲೇ ಚಿಕ್ಕದು, ಟೆಕ್ಸ್ಚರ್ ಬಿದ್ದರೆ ಬರೀ ಚುಕ್ಕೆ ಉಳಿಯುತ್ತೆ. ದೊಡ್ಡ ಅಕ್ಷರಕ್ಕೆ ಮಾತ್ರ ಟೆಕ್ಸ್ಚರ್ ಹಾಕಿ ಒತ್ತನ್ನು ಸುಮ್ನೆ ಬಿಟ್ಟರೆ ಎರಡೂ ಬೇರೆ ಬೇರೆ ಅಂಟಿಸಿದ ಹಾಗೆ ಕಾಣುತ್ತೆ.

ಪ್ರಿಂಟ್ ಆಗೋದು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಕಪ್ಪು ಬಟ್ಟೆ ಮೇಲೆ ಒಂದೇ ಬಿಳಿ ಬಣ್ಣ. ಟೆಕ್ಸ್ಚರ್‌ನ ಸಣ್ಣ ತೂತುಗಳೆಲ್ಲ ಇಂಕ್ ತುಂಬಿ ಮುಚ್ಚಿ ಹೋಗುತ್ತವೆ, ಆಮೇಲೆ ಸವೆತ ಅಲ್ಲ, ಕೊಳೆ ಥರ ಕಾಣುತ್ತೆ ಅಂತಾರೆ ಪ್ರಿಂಟ್ ಮಾಡೋರು.

ಒರಟು ಅಂಚಿರೋ ಯೂನಿಕೋಡ್ ಕನ್ನಡ ಫಾಂಟ್ ಯಾವುದಾದ್ರೂ ಗೊತ್ತಾ? ಇಲ್ಲಾಂದ್ರೆ ಚಪ್ಪಟೆ ಬ್ರಶ್‌ನಲ್ಲಿ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡೋದು ಮೇಲಾ? ಬಟ್ಟೆಗೆ ಇಂಥದ್ದು ಮಾಡಿದವರು ಟೆಕ್ಸ್ಚರ್ ಎಷ್ಟು ದಪ್ಪ ಇಟ್ಟಿದ್ರಿ ಅಂತಾನೂ ಹೇಳಿ, ಫೋಟೋ ಇದ್ದರೆ ಇನ್ನೂ ಒಳ್ಳೇದು.